ಕೀ ಯಾರ ಜೇಬಲ್ಲಿರಬೇಕು?

ಸಿಎನ್‌ಸಿ ಮಷೀನಿನ ಪ್ಯಾನೆಲ್ ಹತ್ತಿರದಿಂದ ನೋಡಿದ್ದೀರಾ? ಸಾಲು ಸಾಲು ಬಟನ್‌ಗಳು, ಫೀಡ್ ಹೆಚ್ಚು ಕಡಿಮೆ ಮಾಡೋ ಡಯಲ್, ಥಟ್ಟನೆ ಕೈಗೆ ಸಿಗೋ ಹಾಗೆ ದೊಡ್ಡ ಕೆಂಪು ಎಮರ್ಜೆನ್ಸಿ ಸ್ಟಾಪ್. ಇವುಗಳ ಮಧ್ಯೆ ಬಹಳಷ್ಟು ಮಷೀನುಗಳಲ್ಲಿ ಒಂದು ಪುಟ್ಟ ಕೀ ತೂರಿಸುವ ಜಾಗ ಇರುತ್ತೆ. ಕೀ ಒಂದು ಕಡೆ ತಿರುಗಿದ್ದರೆ ಪ್ರೋಗ್ರಾಂ ಓಡಿಸಬಹುದು, ಆದರೆ ತಿದ್ದೋ ಹಾಗಿಲ್ಲ. ಇನ್ನೊಂದು ಕಡೆ ತಿರುಗಿಸಿದರೆ ತಿದ್ದಬಹುದು. ನಾವು ಆಫೀಸಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ದಿನಾ ನೋಡೋ 'ಪರ್ಮಿಷನ್ ಡಿನೈಡ್' ಅನ್ನೋ ಸಾಲಿನ ಕಬ್ಬಿಣದ ರೂಪ ಇದು.

ಆ ಕೀ ಆಪರೇಟರ್ ಹತ್ತಿರ ಇರಬೇಕಾ, ಸೂಪರ್‌ವೈಸರ್ ಹತ್ತಿರ ಇರಬೇಕಾ? ಕೇಳೋಕೆ ಚಿಕ್ಕ ಪ್ರಶ್ನೆ. ಆದರೆ ಇದರ ಹಿಂದೆ ಮುಕ್ಕಾಲು ಶತಮಾನದ ಜಗಳ ಇದೆ.

ಕಥೆ ಶುರುವಾಗೋದು ಅಮೆರಿಕದ ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿ ಅನ್ನೋ ಊರಲ್ಲಿ. 1940ರ ದಶಕದಲ್ಲಿ ಅಲ್ಲಿ ಜಾನ್ ಪಾರ್ಸನ್ಸ್ ಅನ್ನುವವರ ಕಂಪನಿ ಹೆಲಿಕಾಪ್ಟರ್ ರೆಕ್ಕೆಗಳನ್ನು ಮಾಡುತ್ತಿತ್ತು. ರೆಕ್ಕೆಯ ಆಕಾರ ಸರಿಯಾಗಿದೆಯಾ ಅಂತ ನೋಡೋಕೆ ಟೆಂಪ್ಲೇಟುಗಳು ಬೇಕು. ಆ ಟೆಂಪ್ಲೇಟಿನ ಬಾಗು ಕರಾರುವಾಕ್ಕಾಗಿರಬೇಕು. ಪಾರ್ಸನ್ಸ್ ಜೊತೆಗಿದ್ದ ಫ್ರ್ಯಾಂಕ್ ಸ್ಟುಲೆನ್ ಅನ್ನುವ ಇಂಜಿನಿಯರ್ ಒಂದು ಉಪಾಯ ಮಾಡಿದರು. ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಐಬಿಎಂನ ಪಂಚ್ ಕಾರ್ಡ್ ಯಂತ್ರದಲ್ಲಿ ಆ ಬಾಗಿನ ಮೇಲಿನ ಒಂದೊಂದು ಬಿಂದುವಿನ ಸ್ಥಾನವನ್ನೂ ಲೆಕ್ಕ ಹಾಕಿಸಿದರು. ಆಮೇಲೆ ಒಬ್ಬ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾ ಹೋಗೋದು, ಇನ್ನಿಬ್ಬರು ಮಿಲ್ಲಿಂಗ್ ಮಷೀನಿನ ಎರಡು ಹ್ಯಾಂಡಲ್‌ಗಳನ್ನು ಆ ಅಂಕಿಗೆ ಸರಿಯಾಗಿ ತಿರುಗಿಸೋದು. ಮೂವರು ಸೇರಿ ಒಂದು ಕಂಪ್ಯೂಟರ್ ಆಗಿದ್ದರು ಅನ್ನಬಹುದು.

ಓದೋ ಮನುಷ್ಯನೂ ಬೇಡ, ಹ್ಯಾಂಡಲ್ ತಿರುಗಿಸೋರೂ ಬೇಡ, ಕಾರ್ಡೇ ನೇರವಾಗಿ ಮಷೀನ್ ಓಡಿಸಲಿ ಅನ್ನೋದು ಪಾರ್ಸನ್ಸ್ ಅವರ ಮುಂದಿನ ಯೋಚನೆ. 1949ರಲ್ಲಿ ಅಮೆರಿಕದ ವಾಯುಪಡೆ ಇದಕ್ಕೆ ದುಡ್ಡು ಕೊಟ್ಟಿತು. ಮೋಟಾರುಗಳ ಕೆಲಸ ಗೊತ್ತಿದ್ದ ಎಂಐಟಿಯ ಸರ್ವೋಮೆಕಾನಿಸಂ ಪ್ರಯೋಗಾಲಯ ಈ ಕೆಲಸಕ್ಕೆ ಸೇರಿಕೊಂಡಿತು, ಬರಬರುತ್ತಾ ಪ್ರಾಜೆಕ್ಟೇ ಅವರದ್ದಾಯಿತು. 1952ರ ಸೆಪ್ಟೆಂಬರ್‌ನಲ್ಲಿ, ಕಪಾಟು ತುಂಬಾ ವ್ಯಾಕ್ಯೂಮ್ ಟ್ಯೂಬುಗಳಿದ್ದ ಕಂಟ್ರೋಲರ್ ಒಂದು ಪೇಪರ್ ಟೇಪಿನ ತೂತುಗಳನ್ನು ಓದಿಕೊಂಡು ಸಿನ್ಸಿನಾಟಿ ಕಂಪನಿಯ ಮಿಲ್ಲಿಂಗ್ ಮಷೀನನ್ನು ತಾನಾಗೇ ನಡೆಸಿ ತೋರಿಸಿತು. ಸಿಎನ್‌ಸಿಯ ಅಜ್ಜ ಹುಟ್ಟಿದ್ದು ಹೀಗೆ. ಆಗ ಅದರ ಹೆಸರು ಬರೀ ಎನ್‌ಸಿ, ಅಂದರೆ ನ್ಯೂಮರಿಕಲ್ ಕಂಟ್ರೋಲ್.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿ ಅಂದರೆ, ಮಷೀನಿಗೆ ಕೆಲಸ ಕಲಿಸೋ ಇನ್ನೊಂದು ದಾರಿಯೂ ಅದೇ ಕಾಲದಲ್ಲಿ ಇತ್ತು. ಅದರ ಹೆಸರು ರೆಕಾರ್ಡ್-ಪ್ಲೇಬ್ಯಾಕ್. ನುರಿತ ಕೆಲಸಗಾರ ಮೊದಲ ಜಾಬನ್ನು ಕೈಯಾರೆ ಕೊರೆಯುತ್ತಾನೆ. ಅವನ ಕೈಯ ಪ್ರತಿ ಚಲನೆಯೂ ಟೇಪಿನ ಮೇಲೆ ದಾಖಲಾಗುತ್ತೆ. ಎರಡನೇ ಜಾಬಿನಿಂದ ಮಷೀನು ಆ ಟೇಪನ್ನೇ ಕೇಳಿಕೊಂಡು ಅವನು ಮಾಡಿದ ಹಾಗೇ ಮಾಡುತ್ತೆ. ಜನರಲ್ ಎಲೆಕ್ಟ್ರಿಕ್ ಕಂಪನಿ 1940ರ ದಶಕದ ಕೊನೆಯಲ್ಲೇ ಇದನ್ನು ಮಾಡಿ ನೋಡಿತ್ತು. ಇಲ್ಲಿ ಪ್ರೋಗ್ರಾಂ ಬರೆಯೋನು ಕೆಲಸಗಾರನೇ. ಅವನ ಕೈಯೇ ಕೋಡ್.

ಕಾದಂಬರಿಕಾರ ಕರ್ಟ್ ವಾನೆಗಟ್ ಆಗ ಅದೇ ಜನರಲ್ ಎಲೆಕ್ಟ್ರಿಕ್‌ನ ಪ್ರಚಾರ ವಿಭಾಗದಲ್ಲಿ ಕೆಲಸಕ್ಕಿದ್ದರು. ತಾನೇ ನಡೆಯೋ ಮಿಲ್ಲಿಂಗ್ ಮಷೀನನ್ನು ಅಲ್ಲಿ ಕಂಡಿದ್ದರು. ಅವರ ಮೊದಲ ಕಾದಂಬರಿ 'ಪ್ಲೇಯರ್ ಪಿಯಾನೋ' ಹೊರಬಂದಿದ್ದು 1952ರಲ್ಲಿ, ಎಂಐಟಿ ಪ್ರದರ್ಶನ ನಡೆದ ವರ್ಷವೇ. ಅದರಲ್ಲಿ ರೂಡಿ ಹರ್ಟ್ಜ್ ಅನ್ನೋ ಕೆಲಸಗಾರನ ಕೈಚಳಕವನ್ನು ಟೇಪಿಗೆ ಇಳಿಸಿಕೊಳ್ಳುತ್ತಾರೆ. ಆಮೇಲೆ ಅವನ ಅಗತ್ಯ ಯಾರಿಗೂ ಇರೋದಿಲ್ಲ. ಅಂದರೆ ರೆಕಾರ್ಡ್-ಪ್ಲೇಬ್ಯಾಕ್ ಕೂಡ ಕೆಲಸಗಾರನ ಪಾಲಿಗೆ ಅಮೃತವೇನಲ್ಲ. ಆದರೂ ಮುಂದಿನ ಸಲ ಹೊಸ ಜಾಬ್ ಬಂದಾಗ ಅವನನ್ನೇ ಕರೀಬೇಕಿತ್ತು.

ಕೊನೆಗೆ ಗೆದ್ದಿದ್ದು ಎನ್‌ಸಿ. ಯಾಕೆ? ಡೇವಿಡ್ ನೋಬೆಲ್ ಅನ್ನೋ ಇತಿಹಾಸಕಾರ 1984ರಲ್ಲಿ 'ಫೋರ್ಸಸ್ ಆಫ್ ಪ್ರೊಡಕ್ಷನ್' ಅನ್ನೋ ಪುಸ್ತಕವನ್ನೇ ಇದಕ್ಕೆ ಮೀಸಲಿಟ್ಟರು. ಅವರ ವಾದ ನೇರವಾಗಿದೆ: ಎನ್‌ಸಿ ಗೆದ್ದಿದ್ದು ತಾಂತ್ರಿಕವಾಗಿ ಮೇಲು ಅನ್ನೋ ಒಂದೇ ಕಾರಣಕ್ಕಲ್ಲ, ಅದು ಹಿಡಿತವನ್ನು ಶಾಪ್ ಫ್ಲೋರಿನಿಂದ ಆಫೀಸಿಗೆ ಸಾಗಿಸುತ್ತಿತ್ತು, ಮ್ಯಾನೇಜ್‌ಮೆಂಟಿಗೆ ಬೇಕಾಗಿದ್ದೂ ಅದೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಭಾರಿ ಮುಷ್ಕರಗಳಾಗಿದ್ದವು. ಯಾವ ಜಾಬಿಗೆ ಎಷ್ಟು ಹೊತ್ತು ಬೇಕು ಅನ್ನೋದು ಕೆಲಸಗಾರನಿಗೆ ಮಾತ್ರ ಗೊತ್ತಿದ್ದರೆ, ವೇಗ ನಿರ್ಧರಿಸೋನೂ ಅವನೇ. ಟೇಪ್ ಬೇರೆ ಕಡೆ ತಯಾರಾಗಿ ಬಂದರೆ, ವೇಗವೂ ಅಲ್ಲಿಂದಲೇ ಬರುತ್ತೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ವಿಮಾನದ ರೆಕ್ಕೆಯ ಭಾಗಗಳ ಮೂರು ಆಯಾಮದ ಬಾಗುಗಳನ್ನು ಕೈಯಾರೆ ಕೊರೆದು ರೆಕಾರ್ಡ್ ಮಾಡೋದು ಎಂಥ ನುರಿತವನಿಗೂ ದುಸ್ತರ. ಅಲ್ಲಿ ಗಣಿತವೇ ಬೇಕು. ಹಾಗಾಗಿ ವಾಯುಪಡೆಗೆ ಎನ್‌ಸಿ ಬೇಕಾಗಿದ್ದರಲ್ಲಿ ಬರೀ ಕುತಂತ್ರ ಹುಡುಕೋಕಾಗಲ್ಲ. ಆದರೆ ದಿನನಿತ್ಯದ ಸಾಧಾರಣ ಜಾಬುಗಳಿಗೂ ಅದೇ ವ್ಯವಸ್ಥೆ ಬಂದಾಗ ನೋಬೆಲ್ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತೆ.

1959ರ ಫೆಬ್ರವರಿಯಲ್ಲಿ ಎಂಐಟಿ ಪತ್ರಕರ್ತರನ್ನು ಕರೆದು 'ಎಪಿಟಿ' ಅನ್ನೋ ಭಾಷೆಯನ್ನು ತೋರಿಸಿತು. ಡಗ್ಲಸ್ ರಾಸ್ ಅವರ ತಂಡ ಕಟ್ಟಿದ ಈ ಭಾಷೆಯಲ್ಲಿ, ಇಂಗ್ಲಿಷಿಗೆ ಹತ್ತಿರದ ಪದಗಳಲ್ಲಿ ಆಕಾರವನ್ನು ವಿವರಿಸಿದರೆ ಸಾಕು, ಮಷೀನಿಗೆ ಬೇಕಾದ ಅಂಕಿಗಳನ್ನು ಕಂಪ್ಯೂಟರೇ ಹುಟ್ಟಿಸುತ್ತಿತ್ತು. ಬಂದ ಪತ್ರಕರ್ತರಿಗೆಲ್ಲ ಹೀಗೇ ಕೊರೆದ ಒಂದೊಂದು ಅಲ್ಯೂಮಿನಿಯಂ ಆ್ಯಶ್ ಟ್ರೇ ಉಡುಗೊರೆ ಕೊಟ್ಟರು. ಲೋಹಕ್ಕೆ ಸ್ಕ್ರಿಪ್ಟ್ ಬರೆಯೋ ಕೆಲಸ ಅಲ್ಲಿಗೆ ಪೂರ್ತಿ ಆಫೀಸಿನದ್ದಾಯಿತು. ಲೋಹದ ಪಕ್ಕ ನಿಂತವನ ಪಾಲಿಗೆ ಉಳಿದಿದ್ದು ಜಾಬ್ ಕಟ್ಟೋದು, ಬಟನ್ ಒತ್ತೋದು, ಕಣ್ಣಿಟ್ಟು ಕಾಯೋದು.

ಆ ಕಾಲಕ್ಕೆ ಪರ್ಮಿಷನ್ ಅಂತ ಬೇರೆ ವ್ಯವಸ್ಥೆಯೇ ಬೇಕಿರಲಿಲ್ಲ, ಪೇಪರ್ ಟೇಪೇ ಬೀಗ. ತೂತು ಹೊಡೆದಾದ ಮೇಲೆ ಅದನ್ನು ಮಷೀನಿನ ಪಕ್ಕ ನಿಂತು ತಿದ್ದೋದು ಹೇಗೆ? ತಪ್ಪಿದ್ದರೆ ಟೇಪನ್ನು ವಾಪಸ್ ಕಳಿಸಬೇಕು, ಹೊಸದು ಬರೋ ತನಕ ಕಾಯಬೇಕು. ಟೂಲ್ ಕಿರುಗುಟ್ಟುತ್ತಿದೆ, ಫೀಡ್ ಜಾಸ್ತಿಯಾಗಿದೆ ಅಂತ ಆಪರೇಟರ್ ಕಿವಿಗೆ ಗೊತ್ತಾದರೂ ಅವನು ಮಾಡೋಕಾಗ್ತಿದ್ದಿದ್ದು ಡಯಲ್ ತಿರುಗಿಸಿ ವೇಗ ಇಳಿಸೋದು ಮಾತ್ರ. ಅವನಿಗೆ ಗೊತ್ತಿದ್ದದ್ದು ಟೇಪಿಗೆ ತಲುಪೋಕೆ ದಾರಿಯೇ ಇರಲಿಲ್ಲ.

1970ರ ದಶಕದಲ್ಲಿ ಮೈಕ್ರೋಪ್ರೊಸೆಸರ್ ಬಂತು. ಕಂಪ್ಯೂಟರ್ ಮಷೀನಿನ ಒಳಗೇ ಬಂದು ಕೂತಿತು, ಎನ್‌ಸಿ ಹಿಂದೆ 'ಸಿ' ಸೇರಿ ಸಿಎನ್‌ಸಿ ಆಯಿತು. ಈಗ ಪ್ರೋಗ್ರಾಂ ಮೆಮೊರಿಯಲ್ಲಿದೆ. ಮಷೀನಿನ ಮುಂದೆ ನಿಂತವನು ಕೀಲಿಮಣೆಯಲ್ಲೇ ಸಾಲು ತಿದ್ದಬಹುದು. ಎರಡು ದಶಕ ದೂರ ಹೋಗಿದ್ದ ಅಧಿಕಾರ ಒಂದೇ ಏಟಿಗೆ ಶಾಪ್ ಫ್ಲೋರಿಗೆ ವಾಪಸ್ ಬರೋ ಹಾಗಾಯಿತು. ಕೀ ಹಾಕೋ ಜಾಗ ಬೇಕಾಗಿದ್ದು ಇಲ್ಲೇ. ಟೇಪ್ ಹೋದ ಮೇಲೆ ಟೇಪಿನ ಬೀಗವೂ ಹೋಗಿತ್ತು, ಅದರ ಬದಲಿಗೆ ನಿಜವಾದ ಬೀಗ ಬಂತು.

ಜಪಾನಿನ ಫಾನುಕ್ ಕಂಪನಿಯ ಕಂಟ್ರೋಲರ್ ನೋಡಿದರೆ ಈ ಪದರಗಳು ಚೆನ್ನಾಗಿ ಕಾಣುತ್ತವೆ. ಪ್ರೋಗ್ರಾಂ ತಿದ್ದೋಕೆ ಒಂದು ಕೀ. ಮಷೀನಿನ ಸ್ವಭಾವವನ್ನೇ ಬದಲಿಸೋ ಪ್ಯಾರಾಮೀಟರ್‌ಗಳನ್ನು ಮುಟ್ಟೋಕೆ ಬೇರೆ ಅನುಮತಿ, ಅದನ್ನು ತೆರೆದ ಕೂಡಲೇ 100ನೇ ನಂಬರಿನ ಅಲಾರಂ ಬಂದು ಕೂರುತ್ತೆ. ಬಾಗಿಲು ತೆಗೆದಿದ್ದೀಯ, ಮರೀಬೇಡ ಅಂತ. ಇನ್ನು 'ಕಸ್ಟಮ್ ಮ್ಯಾಕ್ರೋ' ಅನ್ನೋ ಸೌಲಭ್ಯ ಇದ್ದರೆ ಜಿ-ಕೋಡಿನ ಒಳಗೇ ವೇರಿಯಬಲ್, ಷರತ್ತು, ಲೂಪ್ ಎಲ್ಲ ಬರೀಬಹುದು. ಮಷೀನ್ ತಯಾರಿಸಿದವರು ತಮ್ಮ ಮ್ಯಾಕ್ರೋಗಳನ್ನು 9000ದ ಸರಣಿಯಲ್ಲಿಟ್ಟು ಬೇರೆಯವರು ತಿದ್ದದ ಹಾಗೆ ಮುಚ್ಚಿಡಬಹುದು. ಲಕ್ಷಗಟ್ಟಲೆ ಕೊಟ್ಟು ಮಷೀನ್ ಕೊಂಡವರಿಗೂ ತಮ್ಮದೇ ಮಷೀನಿನ ಒಂದು ಕೋಣೆಗೆ ಪ್ರವೇಶ ಇಲ್ಲದೆ ಇರಬಹುದು. ಬೀಗ ಈಗ ಆಪರೇಟರಿಗೆ ಮಾತ್ರ ಅಲ್ಲ, ಮಾಲೀಕರಿಗೂ.

ಇಷ್ಟೆಲ್ಲ ನಡೀತಿದ್ದ ಕಾಲದಲ್ಲೇ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಕಟ್ಟುತ್ತಿದ್ದವರು ಇದೇ ಸಮಸ್ಯೆಯನ್ನು ಬೇರೆ ಕಡೆಯಿಂದ ಹಿಡಿದಿದ್ದರು. ಅವರ ಮುಂದೆ ಮಷೀನ್ ಇರಲಿಲ್ಲ, ಒಂದೇ ಕಂಪ್ಯೂಟರನ್ನು ಹಂಚಿಕೊಂಡ ಹತ್ತಾರು ಜನ ಇದ್ದರು. ಪ್ರತಿ ಫೈಲಿಗೂ ಓದು, ಬರೆ, ಓಡಿಸು ಅಂತ ಬೇರೆ ಬೇರೆ ಅನುಮತಿ ಇಟ್ಟರು. ಓದಬಲ್ಲವರೆಲ್ಲ ಬರೀಬಹುದು ಅಂತಿಲ್ಲ. ಬರೆದ ಮಾತ್ರಕ್ಕೆ ಅದು ಓಡಬೇಕು ಅಂತಲೂ ಇಲ್ಲ. ಆದರೆ ಒಂದು ತೊಡಕಿತ್ತು. ಸಾಮಾನ್ಯ ಬಳಕೆದಾರನಿಗೆ ತನ್ನ ಪಾಸ್‌ವರ್ಡ್ ಬದಲಿಸಬೇಕು ಅಂದರೆ, ಎಲ್ಲರ ಪಾಸ್‌ವರ್ಡ್ ಇರೋ ಫೈಲನ್ನು ಮುಟ್ಟಬೇಕು. ಅದನ್ನು ಅವನ ಕೈಗೆ ಕೊಡೋಕಾಗುತ್ತಾ?

ಡೆನ್ನಿಸ್ ರಿಚಿ ಇದಕ್ಕೆ ಕೊಟ್ಟ ಉತ್ತರ 'ಸೆಟ್‌ಯುಐಡಿ'. ಕೀಯನ್ನು ಮನುಷ್ಯನಿಗೆ ಕೊಡಬೇಡಿ, ಕೆಲಸಕ್ಕೆ ಕೊಡಿ. ಪಾಸ್‌ವರ್ಡ್ ಬದಲಿಸೋ ಪುಟ್ಟ ಪ್ರೋಗ್ರಾಂಗೆ ಮಾತ್ರ ದೊಡ್ಡ ಅಧಿಕಾರ, ಅದನ್ನು ಯಾರು ಬೇಕಾದರೂ ಓಡಿಸಲಿ, ಅದು ಆ ಒಂದೇ ಕೆಲಸ ಮಾಡಿ ಮುಗಿಸುತ್ತೆ. ಇದಕ್ಕೆ 1979ರಲ್ಲಿ ರಿಚಿ ಹೆಸರಲ್ಲಿ ಪೇಟೆಂಟ್ ಕೂಡ ಸಿಕ್ಕಿತು. ಮರುವರ್ಷ, 1980ರ ಸುಮಾರಿಗೆ, ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಬಫಲೋ ಕ್ಯಾಂಪಸ್ಸಿನಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ 'ಸುಡೋ' ಬರೆದರು. ಇವತ್ತು ನಾವು ಯೋಚನೆಯೇ ಮಾಡದೆ ಟೈಪ್ ಮಾಡೋ ಅದೇ ನಾಲ್ಕಕ್ಷರ.

ಈ ಎರಡು ಕಥೆಗಳು, ಲೋಹದ್ದೂ ಯುನಿಕ್ಸಿನದ್ದೂ, ಒಂದೇ ಕಂಪ್ಯೂಟರಿನಲ್ಲಿ ಸೇರಿಕೊಂಡಿದ್ದು 1990ರ ದಶಕದಲ್ಲಿ. ಅಮೆರಿಕ ಸರ್ಕಾರದ ಮಾನಕ ಸಂಸ್ಥೆ ನಿಸ್ಟ್, ಯಾವ ಕಂಪನಿಯ ಗುಟ್ಟೂ ಇಲ್ಲದ, ತೆರೆದ ಕಂಟ್ರೋಲರ್ ಒಂದನ್ನು ಕಟ್ಟೋಕೆ ಹೊರಟಿತು. ಅದರ ಹೆಸರು ಎನ್‌ಹಾನ್ಸ್‌ಡ್ ಮಷೀನ್ ಕಂಟ್ರೋಲರ್, ಚಿಕ್ಕದಾಗಿ ಇಎಂಸಿ. ಜನರಲ್ ಮೋಟರ್ಸ್‌ನ ಕಾರ್ಖಾನೆಯಲ್ಲಿ ಪರೀಕ್ಷೆಯೂ ಆಯಿತು. ಸರ್ಕಾರಿ ಕೆಲಸವಾದ್ದರಿಂದ ಕೋಡ್ ಸಾರ್ವಜನಿಕರ ಸ್ವತ್ತಾಗಿತ್ತು. ಸ್ವಯಂಸೇವಕರು ಅದನ್ನು ಎತ್ತಿಕೊಂಡು ಬೆಳೆಸಿದರು. 2011ರಲ್ಲಿ, ಅದೇ ಮೂರಕ್ಷರದ ಹೆಸರಿದ್ದ ಸ್ಟೋರೇಜ್ ಕಂಪನಿ ತಕರಾರು ತೆಗೆದ ಮೇಲೆ, ಅದು 'ಲಿನಕ್ಸ್‌ಸಿಎನ್‌ಸಿ' ಆಯಿತು. ಇವತ್ತು ಹಳೇ ಪಿಸಿ ಒಂದನ್ನು ಮಿಲ್ಲಿಂಗ್ ಮಷೀನಿಗೋ ಲೇತಿಗೋ ಮೆದುಳಾಗಿಸಬೇಕು ಅನ್ನೋರಿಗೆ ಮೊದಲು ನೆನಪಾಗೋದು ಇದೇ.

ಮಷೀನ್ ಓಡಿಸೋ ಕಂಪ್ಯೂಟರಿನಲ್ಲಿ ಪರ್ಮಿಷನ್ ಯಾಕೆ ಇಷ್ಟು ಕಗ್ಗಂಟು? ಮೋಟಾರಿಗೆ ಹೋಗೋ ಒಂದೊಂದು ಮಿಡಿತವೂ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಚಿಕ್ಕ ಲೆಕ್ಕದಲ್ಲಿ ಸರಿಯಾದ ಹೊತ್ತಿಗೆ ಬೀಳಬೇಕು. ಬ್ರೌಸರ್ ಅರೆಕ್ಷಣ ನಿಂತರೆ ನಾವು ಬೈದುಕೊಂಡು ಸುಮ್ಮನಾಗ್ತೀವಿ. ಟೂಲ್ ಲೋಹದೊಳಗೆ ಇರುವಾಗ ಕಂಪ್ಯೂಟರ್ ಅರೆಕ್ಷಣ ನಿಂತರೆ ಜಾಬ್ ಹಾಳು, ಟೂಲ್ ಮುರಿದು ಹಾರಿದರೆ ಎದುರಿಗೆ ನಿಂತವರ ಕಥೆ ಬೇರೆ. ಹಾಗಾಗಿ ಆ ಭಾಗಕ್ಕೆ ಹಾರ್ಡ್‌ವೇರನ್ನು ನೇರವಾಗಿ ಮುಟ್ಟೋ, ಬೇರೆಲ್ಲರನ್ನೂ ಪಕ್ಕಕ್ಕೆ ತಳ್ಳೋ ಅಧಿಕಾರ ಬೇಕೇ ಬೇಕು. ಹಾಗಿದ್ದರೆ ಎಲ್ಲವನ್ನೂ ರೂಟ್ ಆಗಿಯೇ ಓಡಿಸಿಬಿಟ್ಟರೆ? ಸುಲಭ. ಸೋಮಾರಿಗೂ ಇಷ್ಟ, ದುರುಳನಿಗೂ ಇಷ್ಟ.

ಲಿನಕ್ಸ್‌ಸಿಎನ್‌ಸಿ ಆರಿಸಿಕೊಂಡಿದ್ದು ರಿಚಿ ತೋರಿಸಿದ ದಾರಿಯನ್ನು. ಹಾರ್ಡ್‌ವೇರ್ ಮುಟ್ಟೋ ಪುಟ್ಟ ತುಂಡಿಗೆ ಮಾತ್ರ ಸೆಟ್‌ಯುಐಡಿ. ಸೋರ್ಸ್ ಕೋಡಿನಿಂದ ಕಟ್ಟಿಕೊಳ್ಳೋರು 'ಸುಡೋ ಮೇಕ್ ಸೆಟ್‌ಯುಐಡಿ' ಅಂತ ಒಂದು ಸಾಲು ಹೊಡೀತಾರಲ್ಲ, ಅದೇ ಇದು. ಪರದೆ, ಪ್ರೋಗ್ರಾಂ ಓದೋ ಭಾಗ, ನಾವು ಬರೆದ ಸ್ಕ್ರಿಪ್ಟುಗಳು ಇವೆಲ್ಲ ಸಾಮಾನ್ಯ ಬಳಕೆದಾರನ ಹೆಸರಲ್ಲೇ ಓಡುತ್ತವೆ.

ಸ್ವಂತ ಸ್ಕ್ರಿಪ್ಟುಗಳಿಗೆ ಅಲ್ಲಿ ಎಂ100ರಿಂದ ಎಂ199ರವರೆಗಿನ ನೂರು ಕೋಡುಗಳನ್ನು ಬಿಟ್ಟುಕೊಟ್ಟಿದ್ದಾರೆ. ಎಂ110 ಅನ್ನೋ ಹೆಸರಿನ ಫೈಲಲ್ಲಿ ಬ್ಯಾಷ್ ಅಥವಾ ಪೈಥಾನ್ ಸ್ಕ್ರಿಪ್ಟ್ ಬರೆದಿಟ್ಟರೆ, ಜಿ-ಕೋಡಿನ ನಡುವೆ ಎಂ110 ಅಂತ ಬಂದಾಗ ಮಷೀನ್ ಅಲ್ಲಿಗೆ ನಿಂತು, ಆ ಸ್ಕ್ರಿಪ್ಟ್ ಮುಗಿಯೋ ತನಕ ಕಾದು, ಮುಂದುವರಿಯುತ್ತೆ. ಪಿ ಮತ್ತು ಕ್ಯೂ ಅಂತ ಎರಡು ಅಂಕಿಗಳನ್ನೂ ಅದಕ್ಕೆ ಕಳಿಸಬಹುದು. ಧೂಳು ಹೀರೋ ಯಂತ್ರ ಶುರು ಮಾಡೋದು, ಅಳತೆಯನ್ನು ಫೈಲಿಗೆ ಬರೆಯೋದು, ಮಾಲೀಕರಿಗೆ ಮೆಸೇಜ್ ಕಳಿಸೋದು, ಏನು ಬೇಕಾದರೂ.

ಆದರೆ ನಿಯಮ ಕಟ್ಟುನಿಟ್ಟು. ಫೈಲ್ ಹೆಸರಿನ ಎಂ ಅಕ್ಷರ ದೊಡ್ಡದಿರಬೇಕು. ಕೊನೆಗೆ ಡಾಟ್ ಪಿವೈ ಥರದ ಬಾಲ ಇರಬಾರದು. ಕಾನ್ಫಿಗರೇಷನ್ ಹೇಳಿದ ಫೋಲ್ಡರಿನಲ್ಲೇ ಇರಬೇಕು. ಮತ್ತು ಯಾರಾದರೂ ಬೇಕು ಅಂತಲೇ ಅದಕ್ಕೆ 'ಓಡಿಸು' ಅನುಮತಿ ಕೊಟ್ಟಿರಬೇಕು. ಇದರಲ್ಲಿ ಒಂದು ತಪ್ಪಿದರೂ ಬರೋದು ಒಂದೇ ಉತ್ತರ: ಈ ಎಂ ಕೋಡ್ ನನಗೆ ಗೊತ್ತಿಲ್ಲ. ಹೊಸಬರು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳೋದು ಇಲ್ಲೇ. ಫೈಲ್ ಕಣ್ಣೆದುರಿಗೇ ಇದೆ, ಮಷೀನ್ ಇಲ್ಲ ಅಂತಿದೆ! ನಿಜಕ್ಕೂ ಅದು ಒಳ್ಳೆಯ ಹಟಮಾರಿತನ. ಎಲ್ಲಿಂದಲೋ ಕಾಪಿಯಾಗಿ ಬಂದ ಫೈಲ್ ತಾನಾಗಿ ಸ್ಪಿಂಡಲ್ ಹತ್ತಿರ ಸುಳಿಯೋಕೆ ಬಿಡಬಾರದು. 'ಹೌದು, ಇದನ್ನು ಓಡಿಸಬಹುದು' ಅಂತ ಒಬ್ಬ ಮನುಷ್ಯ ಯೋಚಿಸಿ ಹೇಳಿರಬೇಕು. ತಾಳ್ಮೆ ಕೆಟ್ಟು ಇಡೀ ಫೋಲ್ಡರಿಗೆ 777 ಹೊಡೆಯೋದು ಅಂದರೆ, ಮನೆಬಾಗಿಲು ಸರಿಯಾಗಿ ತೆಗೆಯಲ್ಲ ಅಂತ ಬಾಗಿಲನ್ನೇ ಕಿತ್ತಿಟ್ಟ ಹಾಗೆ.

ಹಾಗಂತ ಪರ್ಮಿಷನ್ ಸರಿ ಇದ್ದರೆ ಸಾಕಾ? ಸಾಲದು ಅಂತ ತೋರಿಸಿದ್ದು 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸೆಂಟ್ರಿಫ್ಯೂಜುಗಳನ್ನು ಕೆಡಿಸಿದ ಆ ಕುತಂತ್ರಾಂಶ ಸೀಮೆನ್ಸ್ ಕಂಟ್ರೋಲರುಗಳ ಒಳಗೆ ತನ್ನದೇ ಕೋಡ್ ಇಟ್ಟಿತು. ವಿಂಡೋಸ್ ಅದನ್ನು ತಡೀಲಿಲ್ಲ, ಯಾಕೆಂದರೆ ಅದರ ಡ್ರೈವರುಗಳ ಮೇಲೆ ಎರಡು ನಿಜವಾದ ಕಂಪನಿಗಳಿಂದ ಕದ್ದ ಡಿಜಿಟಲ್ ಸಹಿ ಇತ್ತು. ಕಾಗದಪತ್ರ ಎಲ್ಲ ಸರಿಯಾಗಿತ್ತು! ಜರ್ಮನಿಯ ತಜ್ಞ ರಾಲ್ಫ್ ಲ್ಯಾಂಗ್ನರ್ ಬಿಡಿಸಿ ಹೇಳಿದ ಪ್ರಕಾರ, ಅದರ ಒಂದು ಭಾಗ 21 ಸೆಕೆಂಡುಗಳ ಸಹಜ ರೀಡಿಂಗುಗಳನ್ನು ರೆಕಾರ್ಡ್ ಮಾಡಿಕೊಂಡು, ದಾಳಿ ನಡೆಯುವಾಗ ಅದನ್ನೇ ಸುತ್ತಿ ಸುತ್ತಿ ತೋರಿಸುತ್ತಿತ್ತು. ಕೂತು ನೋಡೋ ಆಪರೇಟರಿಗೆ ಎಲ್ಲವೂ ಸರಿಯಾಗೇ ಕಾಣುತ್ತಿತ್ತು. ಕೆಲಸಗಾರನ ಜ್ಞಾನ ಉಳಿಸಬಹುದಾಗಿದ್ದ ರೆಕಾರ್ಡ್-ಪ್ಲೇಬ್ಯಾಕ್, ಅರವತ್ತು ವರ್ಷದ ಮೇಲೆ ಅವನ ಕಣ್ಣು ಕಟ್ಟೋಕೆ ವಾಪಸ್ ಬಂದಿತ್ತು.

ಸಹಿ ಯಾರದ್ದು ಅಂತ ಪರ್ಮಿಷನ್ ಹೇಳುತ್ತೆ. ಆ ಕೋಡ್ ಓಡಿದಾಗ ಏನಾಗುತ್ತೆ ಅಂತ ಹೇಳಲ್ಲ. ಅದು ಗೊತ್ತಾಗೋದು ಮಷೀನಿನ ಸದ್ದು ಕೇಳೋರಿಗೆ. ಅದಕ್ಕೇ ಎಮರ್ಜೆನ್ಸಿ ಸ್ಟಾಪ್ ಯಾವತ್ತೂ ಸಾಫ್ಟ್‌ವೇರನ್ನು ನಂಬಿಕೊಂಡಿರಬಾರದು, ತಂತಿಯಲ್ಲೇ ಕರೆಂಟ್ ಕಡಿಯಬೇಕು ಅನ್ನೋದು. ಆ ಕೆಂಪು ಬಟನ್ನಿಗೆ ಪಾಸ್‌ವರ್ಡ್ ಇಲ್ಲ, ಕೀ ಇಲ್ಲ. ಪಕ್ಕದಲ್ಲಿ ನಿಂತ ಯಾರು ಬೇಕಾದರೂ ಒತ್ತಬಹುದು. ಶುರು ಮಾಡೋಕೆ ಅನುಮತಿ ಬೇಕು, ನಿಲ್ಲಿಸೋಕೆ ಬೇಡ.

ಇದೆಲ್ಲ ಬೆಂಗಳೂರಿನಲ್ಲಿ ಕೂತವರಿಗೆ ದೂರದ ಕಥೆಯಲ್ಲ. ಎಂಐಟಿ ಪ್ರದರ್ಶನದ ಮರುವರ್ಷ, 1953ರಲ್ಲಿ, ಎಚ್‌ಎಂಟಿ ಇಲ್ಲಿ ಹುಟ್ಟಿತು. ಆಮೇಲೆ ತುಮಕೂರು ರಸ್ತೆಯಲ್ಲಿ ಮಷೀನ್ ಟೂಲ್ ಸಂಶೋಧನೆಗೆಂದೇ ಸಿಎಂಟಿಐ ಬಂತು. ಪೀಣ್ಯದ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಇವತ್ತು ಓಡುತ್ತಿರೋ ಸಿಎನ್‌ಸಿಗಳಿಗೆ ಲೆಕ್ಕವಿಲ್ಲ. ಅದೇ ಊರಿನ ಇನ್ನೊಂದು ತುದಿಯಲ್ಲಿ, ಯಾರಿಗೆ ಯಾವ ಸರ್ವರಿನ ಆಕ್ಸೆಸ್ ಇರಬೇಕು ಅಂತ ದಿನವಿಡೀ ಮೀಟಿಂಗ್ ಮಾಡೋ ನಾವಿದ್ದೀವಿ. ಚ್‌ಮಾಡ್ ಗೊತ್ತಿರೋರಿಗೆ ಲೋಹದ ವಾಸನೆ ಗೊತ್ತಿಲ್ಲ, ಲೋಹ ಗೊತ್ತಿರೋರಿಗೆ ಚ್‌ಮಾಡ್ ಬೇಕಾಗಿಲ್ಲ ಅಂತ ಅಂದುಕೊಂಡಿದ್ದೀವಿ. ಎರಡೂ ಕಡೆಯವರು ಕೇಳಿಕೊಳ್ತಿರೋದು ಒಂದೇ ಪ್ರಶ್ನೆ ಅಂತ ಈ ಇತಿಹಾಸ ಹೇಳುತ್ತೆ.

ಮಷೀನಿಗೆ ಬೀಗ ಹಾಕೋಕೆ ಎರಡು ಕಾರಣ ಇರಬಹುದು. ಒಂದು, ಯಾರ ಕೈಗೂ ಪೆಟ್ಟಾಗಬಾರದು, ಪರೀಕ್ಷೆ ಮಾಡಿದ ಪ್ರೋಗ್ರಾಂ ರಾತ್ರಿ ಪಾಳಿಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಬದಲಾಗಬಾರದು. ಇನ್ನೊಂದು, ಮುಂದೆ ನಿಂತಿರೋನು ಯೋಚನೆ ಮಾಡಬಾರದು. ಹೊರಗಿಂದ ನೋಡಿದರೆ ಎರಡೂ ಬೀಗ ಒಂದೇ ಥರ ಇರುತ್ತವೆ. ವ್ಯತ್ಯಾಸ ತಿಳಿಯೋಕೆ ಒಂದು ಪರೀಕ್ಷೆ ಇದೆ: ಆಪರೇಟರಿಗೆ ತಪ್ಪು ಕಂಡಾಗ ಅದು ಪ್ರೋಗ್ರಾಂ ತನಕ ತಲುಪೋಕೆ ದಾರಿ ಇದೆಯಾ? ಅವನು ತಿದ್ದಿದ್ದನ್ನು ಇನ್ನೊಬ್ಬರು ನೋಡಿ, ಒಪ್ಪಿ, ಅವನ ಹೆಸರಲ್ಲೇ ಉಳಿಸಿಕೊಳ್ಳೋ ವ್ಯವಸ್ಥೆ ಇದೆಯಾ? ಸಾಫ್ಟ್‌ವೇರಿನಲ್ಲಿ ನಾವು ಇದನ್ನು ಕೋಡ್ ರಿವ್ಯೂ ಅಂತ ಕರೆದು ದಿನಾ ಮಾಡ್ತೀವಿ. ಇದ್ದರೆ ಅದು ಸುರಕ್ಷತೆಯ ಬೀಗ. ಇಲ್ಲದಿದ್ದರೆ ಅದು ಹಳೇ ಪೇಪರ್ ಟೇಪೇ, ಹೊಸ ಪ್ಯಾನೆಲ್ ಹಾಕಿಕೊಂಡು ಬಂದಿದೆ ಅಷ್ಟೇ.